ತ ತ ತ ಟ ತ: ಮಗಳ ಜೊತೆ ಒಂದು ಇಇಜಿ ಅಧ್ಯಯನದಲ್ಲಿ

ಒಪ್ಪಿಗೆ ಪತ್ರದ ಎರಡನೇ ಪುಟದಲ್ಲಿ ಆ ಸಾಲಿತ್ತು. "ನಿಮ್ಮ ಮಗುವಿನ ವೈಯಕ್ತಿಕ ಫಲಿತಾಂಶವನ್ನು ತಿಳಿಸಲಾಗುವುದಿಲ್ಲ." ನನ್ನ ಗಂಡ ಅದನ್ನು ಎರಡು ಸಲ ಓದಿ ಪೆನ್ನನ್ನು ಮೇಜಿನ ಮೇಲಿಟ್ಟರು. ನಾವು ಬಂದದ್ದೇ ಆ ಫಲಿತಾಂಶ ತಿಳಿಯಲಿಕ್ಕೆ ಎಂದು ಅವರು ಅಂದುಕೊಂಡಿದ್ದರು.

ಅವರಿಗೆ ಚಿಕ್ಕಂದಿನಿಂದಲೂ ಓದು ಕಷ್ಟ. ಅದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ ಎಂದು ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ಶಾಲೆಯಲ್ಲಿ ಸೋಮಾರಿ ಅನ್ನಿಸಿಕೊಂಡು ಬೆಳೆದವರು ಅವರು. ತಂದೆ ಅಥವಾ ತಾಯಿಗೆ ಡಿಸ್ಲೆಕ್ಸಿಯಾ ಇದ್ದರೆ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಂದಿಗೆ ಅದು ಬರಬಹುದು. ಹಾಗಾಗಿ ಮಾತಿನ ಸದ್ದುಗಳಿಗೆ ಶಿಶುಗಳ ಮಿದುಳು ಹೇಗೆ ಸ್ಪಂದಿಸುತ್ತದೆ ಎಂದು ಇಇಜಿಯಿಂದ, ಅಂದರೆ ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆಯಿಂದ ತಿಳಿದು, ಮುಂದೆ ಆ ಮಕ್ಕಳ ಸಂವಹನ ಹೇಗೆ ಬೆಳೆಯುತ್ತದೆ ಎಂದು ನೋಡುವ ಅಧ್ಯಯನವೊಂದಕ್ಕೆ ಕುಟುಂಬಗಳು ಬೇಕಾಗಿವೆ ಎಂದು ತಿಳಿದಾಗ ನಾವೇ ಮುಂದೆ ಬಂದು ಹೆಸರು ಕೊಟ್ಟೆವು. ಮಗಳಿಗೆ ಆಗ ಆರು ತಿಂಗಳು ತುಂಬುತ್ತಿತ್ತು.

ಫಲಿತಾಂಶ ಯಾಕೆ ಹೇಳುವುದಿಲ್ಲ ಎಂದು ಗಂಡ ಕೇಳಿಯೇಬಿಟ್ಟರು. ಸಂಶೋಧಕಿ ಹಾರಿಕೆಯ ಉತ್ತರ ಕೊಡಲಿಲ್ಲ. "ಹೇಳಬಾರದು ಅಂತಲ್ಲ, ಒಂದು ಮಗುವಿನ ಬಗ್ಗೆ ಹೇಳುವಷ್ಟು ನಮಗೇ ಗೊತ್ತಾಗಿರುವುದಿಲ್ಲ. ನೂರು ಮಕ್ಕಳ ಬಗ್ಗೆ ಏನಾದರೂ ಹೇಳಬಹುದು" ಎಂದರು. ಆ ಮಾತು ಪೂರ್ತಿ ಅರ್ಥವಾಗಲು ನನಗೆ ಒಂದು ವರ್ಷವೇ ಬೇಕಾಯಿತು. ಸಹಿ ಮಾತ್ರ ಅವತ್ತೇ ಹಾಕಿದೆವು.

ಮೊದಲು ಕಿವಿ ಪರೀಕ್ಷೆ. ಹುಟ್ಟಿದಾಗಲೇ ಅವಳ ಶ್ರವಣ ತಪಾಸಣೆ ಆಗಿತ್ತು. ಆದರೂ ಇನ್ನೊಮ್ಮೆ ನೋಡುತ್ತೇವೆ ಎಂದರು. ಕಿವಿಯಲ್ಲಿ ಪುಟ್ಟ ಬಿರಡೆಯಂಥದ್ದನ್ನು ಇಟ್ಟು ಸದ್ದು ಬಿಟ್ಟು, ಒಳಗಿವಿಯಿಂದ ಮರಳಿ ಬರುವ ಕ್ಷೀಣ ಸದ್ದನ್ನು ಅಳೆಯುವ ಪರೀಕ್ಷೆ ಅದು. ಕಿವಿಯಲ್ಲೇ ತೊಂದರೆಯಿದ್ದರೆ ಮಿದುಳಿನ ಅಲೆ ನೋಡಿ ಏನು ಹೇಳಿದರೂ ಅದಕ್ಕೆ ಅರ್ಥವಿರುವುದಿಲ್ಲ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಗೆಳತಿಯರೆಲ್ಲ ಇದನ್ನು ಬೆರಾ ಪರೀಕ್ಷೆ ಜೊತೆ ಸೇರಿಸಿಬಿಡುತ್ತಾರೆ. ಬೆರಾದಲ್ಲಿ ನೋಡುವುದು ಸದ್ದು ಕಿವಿಯಿಂದ ಹೊರಟು ಮಿದುಳಕಾಂಡ ದಾಟುವ ಮೊದಲ ಹತ್ತು ಮಿಲಿಸೆಕೆಂಡುಗಳನ್ನು. ಸದ್ದು ತಲುಪಿತೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಆ ಪರೀಕ್ಷೆಯಿಂದ ಒಂದೊಂದು ಮಗುವಿಗೂ ಉತ್ತರ ಸಿಗುತ್ತದೆ, ಚಿಕಿತ್ಸೆ ಅದರ ಮೇಲೆ ನಿರ್ಧಾರವಾಗುತ್ತದೆ. ನಾವು ಹೋದ ಅಧ್ಯಯನ ಅದರ ನಂತರದ್ದನ್ನು, ಅಂದರೆ ಸದ್ದು ತಲುಪಿದ ಮೇಲೆ ಸುಮಾರು ನೂರರಿಂದ ನಾನೂರು ಮಿಲಿಸೆಕೆಂಡುಗಳ ನಡುವೆ ಮಿದುಳಿನ ತೊಗಟೆ (ಹೊರಪದರ) ಅದನ್ನು ಏನು ಮಾಡಿತು ಎಂಬುದನ್ನು ಕೇಳುವಂಥದ್ದು.

ಇಇಜಿ ಅಂದ ಕೂಡಲೇ ನನಗೆ ಅಂಟು, ತಂತಿ, ಅಳು ನೆನಪಾಗಿತ್ತು. ಅಲ್ಲಿದ್ದದ್ದು ಎಲಾಸ್ಟಿಕ್ ದಾರಗಳ ಒಂದು ಬಲೆ. ಗಂಟು ಗಂಟಿನಲ್ಲೂ ಒಂದೊಂದು ಪುಟ್ಟ ಸ್ಪಂಜು, ಸ್ಪಂಜಿನ ಒಳಗೆ ಎಲೆಕ್ಟ್ರೋಡ್. ಸಹಾಯಕಿ ಹುಡುಗಿ ಟೇಪು ತಂದು ಮಗಳ ತಲೆಯ ಸುತ್ತಳತೆ ತೆಗೆದಳು, ಹಣೆಯ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಕಿವಿಯಿಂದ ಕಿವಿಗೆ ಅಳೆದು, ನೆತ್ತಿಯ ಮಧ್ಯೆ ಅಳಿಸಿಹೋಗುವ ಬಣ್ಣದಲ್ಲಿ ಒಂದು ಚುಕ್ಕೆ ಇಟ್ಟಳು. ಅಳತೆಗೆ ಸರಿಯಾದ ಬಲೆಯನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದಳು. ಆ ನೀರಿಗೆ ಮಕ್ಕಳ ಶಾಂಪೂ ಎರಡು ತೊಟ್ಟು ಹಾಕಿರುತ್ತಾರೆ. ತಲೆಯ ಎಣ್ಣೆಜಿಡ್ಡು ಬಿಟ್ಟು ವಿದ್ಯುತ್ ಸಂಪರ್ಕ ಚೆನ್ನಾಗಿ ಸಿಗಲಿ ಎಂದು. ನೆತ್ತಿ ಇನ್ನೂ ಮೆತ್ತಗಿದೆಯಲ್ಲ ಎಂದು ನನಗೆ ದಿಗಿಲು. ಬಲೆಯಿಂದ ಮಿದುಳಿಗೆ ಏನೂ ಹೋಗುವುದಿಲ್ಲ, ಮಿದುಳೇ ಹುಟ್ಟಿಸುವ ವಿದ್ಯುತ್ತನ್ನು ಮೇಲಿಂದ ಓದುವುದಷ್ಟೇ ಎಂದು ಅವಳು ಹೇಳಿದ್ದು ನನಗೆ ಬೇಕಾಗಿದ್ದ ಮಾತು. 1924ರಲ್ಲಿ ಹಾನ್ಸ್ ಬರ್ಗರ್ ಎಂಬ ಜರ್ಮನ್ ವೈದ್ಯರು ಮೊದಲ ಬಾರಿಗೆ ಮನುಷ್ಯನ ತಲೆಯಿಂದ ಹೀಗೆ ಅಲೆಗಳನ್ನು ದಾಖಲಿಸಿದ್ದು. ಉಪಕರಣ ಎಷ್ಟೋ ಬದಲಾಗಿದೆ, ಓದುವ ವಸ್ತು ಅದೇ.

ಬಲೆ ಹಾಕುವಾಗ ಇನ್ನೊಬ್ಬ ಹುಡುಗ ಎದುರಿಗೆ ಸಾಬೂನು ಗುಳ್ಳೆ ಊದುತ್ತಿದ್ದ. ಮಗಳು ಬಾಯಿ ತೆರೆದು ಅವನ್ನೇ ನೋಡುತ್ತ ಕುಳಿತಳು. ಹಣೆಗೆ ನೀರು ಇಳಿದಾಗ ಮಾತ್ರ ಒಮ್ಮೆ ಮುಖ ಹಿಂಡಿದಳು. ಆಮೇಲೆ ಗಲ್ಲದ ಕೆಳಗಿನ ಪಟ್ಟಿ ಅವಳ ಕೈಗೆ ಸಿಕ್ಕಿತು, ಕೈಗೆ ಸಿಕ್ಕದ್ದು ಬಾಯಿಗೆ ಹೋಯಿತು. ಪಕ್ಕದ ಪರದೆಯ ಮೇಲೆ ಸಾಲುಸಾಲು ಗೆರೆಗಳು ಒಮ್ಮೆಲೇ ಎದ್ದು ಕುಣಿದವು. ಅದು ಮಿದುಳಲ್ಲ, ದವಡೆಯ ಸ್ನಾಯು. ಕಣ್ಣು ಮಿಟುಕಿಸಿದರೂ, ಚೀಪಿದರೂ, ತಲೆ ತಿರುಗಿಸಿದರೂ ಅಷ್ಟೇ. ಮಿದುಳಿನ ಸ್ಪಂದನೆ ಕೆಲವೇ ಮೈಕ್ರೋವೋಲ್ಟ್, ಅಂದರೆ ವೋಲ್ಟಿನ ಹತ್ತು ಲಕ್ಷದ ಕೆಲವು ಭಾಗ. ಸ್ನಾಯುಗಳ ಗದ್ದಲ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೇ ಮಗು ಅಳದೆ, ಅಲುಗಾಡದೆ, ಬೇಸರಪಡದೆ ಇರುವ ನಿಮಿಷಗಳಿಗೆ ಅಲ್ಲಿ ಅಷ್ಟು ಬೆಲೆ.

ನನ್ನ ತೊಡೆಯ ಮೇಲೆ ಅವಳು. ನನ್ನ ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತ ಹಚ್ಚಿದರು. ಸದ್ದು ಬದಲಾದದ್ದು ನನಗೆ ಗೊತ್ತಾದರೆ ನನ್ನ ಮೈ ಅರಿವಿಲ್ಲದೆಯೇ ಬಿಗಿಯಬಹುದು, ಅದು ಮಗುವಿಗೆ ಸುಳಿವಾಗಬಹುದು ಎಂಬ ಎಚ್ಚರಿಕೆ ಅದು. ಪರದೆಯಲ್ಲಿ ಸದ್ದಿಲ್ಲದ ಕಾರ್ಟೂನ್. ಸ್ಪೀಕರಿನಿಂದ ಏನು ಬರುತ್ತದೆಂದು ಮೊದಲೇ ನನಗೆ ಕೇಳಿಸಿದ್ದರು. ಒಬ್ಬ ಹೆಂಗಸಿನ ಧ್ವನಿ: ತ, ತ, ತ, ತ, ತ, ಟ, ತ, ತ... ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರ. ನೂರರಲ್ಲಿ ಎಂಬತ್ತೈದು 'ತ', ಹದಿನೈದು 'ಟ', ಯಾವಾಗ ಬರುತ್ತದೆಂದು ಊಹಿಸಲಾಗದಂತೆ. ಇಪ್ಪತ್ತು ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಸದ್ದು. ಸ್ವಲ್ಪ ವಿರಾಮ ಕೊಟ್ಟು ಇನ್ನೊಂದು ಜೋಡಿ, ಫ್ರೆಂಚ್ ಭಾಷೆಯ ಎರಡು ಸ್ವರಗಳು. ನನ್ನ ಕಿವಿಗೆ ಎರಡೂ ಹೆಚ್ಚುಕಡಿಮೆ 'ಉ'ಗಳೇ. ಒಂದನ್ನು ಹೇಳುವಾಗ ತುಟಿ 'ಉ'ಗೆ ಮಾಡಿದಂತೆ ದುಂಡಗಿರುತ್ತದೆ, ನಾಲಿಗೆ ಮಾತ್ರ 'ಇ'ಗೆ ಇಡುವ ಜಾಗದಲ್ಲಿರುತ್ತದೆ.

ಮಗಳು ಮೊದಲ ಜೋಡಿಯನ್ನು ಪೂರ್ತಿ ಕೂತು ಕೇಳಿದಳು. ಎರಡನೆಯದರ ಮಧ್ಯೆ ರಚ್ಚೆ ಹಿಡಿದಳು. ನಿಲ್ಲಿಸಿದರು. ಯಾರ ಮುಖದಲ್ಲೂ ಬೇಸರವಿರಲಿಲ್ಲ. ಶಿಶುಗಳ ಅಧ್ಯಯನದಲ್ಲಿ ಹೀಗೆ ಅರ್ಧಕ್ಕೆ ನಿಲ್ಲುವುದು, ಕೊನೆಗೆ ಬಹಳಷ್ಟು ದಾಖಲೆಯನ್ನು ಕೈಬಿಡುವುದು ಮಾಮೂಲು.

ನಡುವೆ ನಾನು ಪರದೆಯ ಕಡೆ ನೋಡುತ್ತಲೇ ಇದ್ದೆ. 'ಟ' ಬಂದಾಗ ಗೆರೆ ಏಳಬೇಕಲ್ಲ? ಏನೂ ಕಾಣಲಿಲ್ಲ. ಕಾಣುವುದೂ ಇಲ್ಲವಂತೆ. ಮುಗಿದ ಮೇಲೆ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ವಿದ್ಯಾರ್ಥಿನಿ ವಿವರಿಸಿದಳು. ಒಂದೇ ಒಂದು ಸದ್ದಿಗೆ ಮಿದುಳು ಕೊಡುವ ಸ್ಪಂದನೆ ಉಳಿದ ಚಟುವಟಿಕೆಯ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ, ಜಡಿಮಳೆಯಲ್ಲಿ ಯಾರೋ ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ. 'ಟ' ಬಂದ ಅಷ್ಟೂ ಕ್ಷಣಗಳನ್ನು ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆದರೆ ಸದ್ದಿಗೆ ಸಂಬಂಧಪಡದ ಏರಿಳಿತ ಒಂದನ್ನೊಂದು ಅಳಿಸಿಹಾಕುತ್ತದೆ, ಸಂಬಂಧಪಟ್ಟದ್ದು ಉಳಿಯುತ್ತದೆ. ನೂರು ಕ್ಷಣಗಳ ಸರಾಸರಿ ತೆಗೆದರೆ ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ. 'ತ'ಕ್ಕೆ ಬಂದ ಸರಾಸರಿ ಅಲೆಯನ್ನು 'ಟ'ದ ಅಲೆಯಿಂದ ಕಳೆದರೆ ಉಳಿಯುವುದೇ ವ್ಯತ್ಯಾಸದ ಅಲೆ. ಮಗು ಗಮನ ಕೊಡದೆ ಕಾರ್ಟೂನ್ ನೋಡುತ್ತಿದ್ದರೂ ಮಿದುಳು "ಇದು ಬೇರೆ" ಎಂದು ಗುರುತಿಸಿತು ಎಂಬುದಕ್ಕೆ ಅದು ಸಾಕ್ಷಿ. ಫಿನ್ಲೆಂಡಿನ ರಿಸ್ಟೊ ನಾಟಾನೆನ್ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ವಯಸ್ಕರಲ್ಲಿ ಇದನ್ನು ವಿವರಿಸಿದರು. ಮಿಸ್‌ಮ್ಯಾಚ್ ಸ್ಪಂದನೆ ಎಂದು ಕರೆಯುತ್ತಾರೆ. ನಿದ್ದೆಯಲ್ಲಿರುವ ನವಜಾತ ಶಿಶುವಿನಲ್ಲೂ ಅದನ್ನು ದಾಖಲಿಸಬಹುದು. ಉತ್ತರ ಹೇಳಲಾಗದ, ಗುಂಡಿ ಒತ್ತಲಾಗದ ಒಂದು ಜೀವದಿಂದ ಉತ್ತರ ಪಡೆಯುವ ಈ ದಾರಿ ನನಗೆ ಈಗಲೂ ಬೆರಗು.

ಅದಕ್ಕೂ ಮುಂಚೆ ಬೇರೆ ದಾರಿಗಳಿದ್ದವು. 1971ರಲ್ಲಿ ಪೀಟರ್ ಐಮಾಸ್ ಮತ್ತು ಜೊತೆಗಾರರು ಒಂದು ಮತ್ತು ನಾಲ್ಕು ತಿಂಗಳ ಕೂಸುಗಳ ಬಾಯಿಗೆ ಚೀಪುನಿಪ್ಪಲ್ ಕೊಟ್ಟು, ಒಂದೇ ಸದ್ದು ಕೇಳಿ ಕೇಳಿ ಚೀಪುವ ವೇಗ ತಗ್ಗಿದಾಗ ಸದ್ದು ಬದಲಿಸಿದರು. 'ಪ' ಹೋಗಿ 'ಬ' ಬಂದಾಗ ಕೂಸುಗಳು ಮತ್ತೆ ಜೋರಾಗಿ ಚೀಪಿದವು. ಅಂದರೆ ಭೇದ ತಿಳಿಯಿತು. ಇನ್ನೂ ಒಂದು ಮಾತನ್ನೂ ಆಡದ ಮಕ್ಕಳಿಗೆ!

ಅವತ್ತು ಮನೆಗೆ ಬಂದ ಮೇಲೆ ನಾನು ಓದಲು ಶುರುಮಾಡಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಕೆಲಸ. ಇಂಗ್ಲಿಷ್ ಮನೆಗಳ ಮಕ್ಕಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ನಮಗೆ ಅವೆರಡು ಹಗಲು ರಾತ್ರಿಯಷ್ಟು ಬೇರೆ. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಅವನ್ನು ಬೇರ್ಪಡಿಸುವುದು ಕಷ್ಟ. ಆದರೆ ಅದೇ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಬಹುಪಾಲು ಭೇದ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಕೆಲವೇ ಮಕ್ಕಳು ಗುರುತಿಸುತ್ತಿದ್ದರು. ಮೊದಲ ವರ್ಷದ ಕೊನೆಯ ಅರ್ಧದಲ್ಲಿ ಕಿವಿ ತನ್ನ ಭಾಷೆಯ ಕಡೆಗೆ ತಿರುಗಿಕೊಳ್ಳುತ್ತದೆ. 1998ರಲ್ಲಿ ಫಿನ್ಲೆಂಡಿನಲ್ಲಿ ಇದೇ ಸಂಗತಿ ಮಿದುಳಿನ ಅಲೆಗಳಲ್ಲೇ ಕಾಣಿಸಿತು. ಎಸ್ಟೋನಿಯನ್ ಭಾಷೆಯಲ್ಲಿದ್ದು ಫಿನ್ನಿಶ್‌ನಲ್ಲಿ ಇಲ್ಲದ ಒಂದು ಸ್ವರಕ್ಕೆ ಫಿನ್ನಿಶ್ ಕೂಸುಗಳ ಸ್ಪಂದನೆ ಆರು ತಿಂಗಳಿಗಿಂತ ಒಂದು ವರ್ಷದಲ್ಲಿ ಸಣ್ಣದಾಗಿತ್ತು, ಒಂದು ವರ್ಷದ ಎಸ್ಟೋನಿಯನ್ ಕೂಸುಗಳಲ್ಲಿ ಅದು ದೊಡ್ಡದಾಗಿಯೇ ಇತ್ತು.

ಇದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಅಯ್ಯೋ, ಇದ್ದ ಶಕ್ತಿ ಹೋಗಿಬಿಡುತ್ತದಲ್ಲ ಎಂದು. ಪರಕೀಯ ಸ್ವರಗಳನ್ನೂ ಮಗಳು ಉಳಿಸಿಕೊಂಡರೆ ಒಳ್ಳೆಯದಲ್ಲವೇ? ಅಮೆರಿಕದ ಸಂಶೋಧಕಿ ಪೆಟ್ರಿಷಿಯಾ ಕೂಲ್ ಅವರ ತಂಡ ಕಂಡುಕೊಂಡದ್ದು ಬೇರೆ. ಏಳೂವರೆ ತಿಂಗಳ ಹೊತ್ತಿಗೆ ತನ್ನ ಭಾಷೆಯ ಸದ್ದುಗಳ ಭೇದವನ್ನು ಚೆನ್ನಾಗಿ ಗುರುತಿಸುವ ಮಕ್ಕಳ ಪದಸಂಪತ್ತು ಮುಂದಿನ ಒಂದೆರಡು ವರ್ಷ ಬೇಗ ಬೆಳೆಯಿತು. ಅದೇ ವಯಸ್ಸಿನಲ್ಲಿ ಪರಭಾಷೆಯ ಭೇದವನ್ನೇ ಚೆನ್ನಾಗಿ ಗುರುತಿಸುತ್ತಿದ್ದ ಮಕ್ಕಳದ್ದು ಸರಾಸರಿಯಲ್ಲಿ ನಿಧಾನವಾಗಿ ಬೆಳೆಯಿತು. ಬೇಡದ್ದನ್ನು ಬಿಡುವುದೂ ಕಲಿಕೆಯ ಭಾಗವೇ. ಪ್ರಯೋಗಾಲಯದಲ್ಲಿ ಎರಡು ಜೋಡಿ ಸದ್ದು ಯಾಕೆ ಇಟ್ಟಿದ್ದರೆಂದು ಆಗ ಹೊಳೆಯಿತು. ಎರಡು ಭಾಷೆಯ ಮನೆಗಳ ಮಾತು ಬೇರೆ. ಅಲ್ಲಿ ಎರಡೂ ಭಾಷೆಯ ಸದ್ದುಗಳು ಮಗುವಿಗೆ ತನ್ನವೇ.

ನನ್ನ ಗಂಡನಿಗೆ ಬೇಕಾಗಿದ್ದ ವಿಷಯವೂ ಅಲ್ಲಲ್ಲಿ ಸಿಕ್ಕಿತು. ಫಿನ್ಲೆಂಡಿನ ಯುವಾಸ್ಕುಲಾ ನಗರದಲ್ಲಿ ಡಿಸ್ಲೆಕ್ಸಿಯಾ ಇರುವ ಕುಟುಂಬಗಳ ಮಕ್ಕಳನ್ನು ಹುಟ್ಟಿದಾಗಿನಿಂದ ಶಾಲೆಯವರೆಗೆ ಹಿಂಬಾಲಿಸಿದ ದೊಡ್ಡ ಅಧ್ಯಯನವಿದೆ. ನವಜಾತರಿದ್ದಾಗಲೇ ಮಾತಿನ ಸದ್ದಿಗೆ ಅವರ ಮಿದುಳಿನ ಸ್ಪಂದನೆ, ಗುಂಪಾಗಿ ನೋಡಿದರೆ, ಉಳಿದ ಮಕ್ಕಳದ್ದಕ್ಕಿಂತ ಭಿನ್ನವಾಗಿತ್ತು. ಆ ಸ್ಪಂದನೆಗೂ ಮುಂದಿನ ಭಾಷಾ ಕೌಶಲಕ್ಕೂ ನಂಟು ಕಂಡಿತು. ಅಮೆರಿಕದ ಡೆನ್ನಿಸ್ ಮೊಲ್ಫೀಸ್ ಕೂಡ ನವಜಾತರ ಅಲೆಗಳಿಗೂ ಎಂಟನೇ ವಯಸ್ಸಿನ ಓದಿಗೂ ಸಂಬಂಧವಿದೆ ಎಂದು 2000ದಲ್ಲಿ ವರದಿ ಮಾಡಿದರು. "ಹಾಗಾದರೆ ನಾನು ಸೋಮಾರಿಯಾಗಿರಲಿಲ್ಲ" ಎಂದರು ಗಂಡ. ಅಷ್ಟು ವರ್ಷದ ನೋವಿಗೆ ಅದು ಸಣ್ಣ ಮಾತಲ್ಲ.

ಎರಡನೇ ಸುತ್ತು ಮಗಳಿಗೆ ವರ್ಷ ತುಂಬಿದಾಗ. ಈ ಸಲ ಬಲೆ ಹಾಕಿಸಿಕೊಳ್ಳಲು ಅವಳು ಸುಲಭವಾಗಿ ಒಪ್ಪಲಿಲ್ಲ, ನಾನೇ ತಲೆಗೊಂದು ಖಾಲಿ ಬಲೆ ಹಾಕಿಕೊಂಡ ಮೇಲೆ ಒಪ್ಪಿದಳು. ಇಇಜಿಯ ಭಾಗ ಬೇಗ ಮುಗಿಯಿತು. ಉಳಿದ ಹೊತ್ತೆಲ್ಲ ಆಟ. ಆಟ ಅನ್ನುವುದು ನಮಗೆ, ಅವರಿಗೆ ಅದೇ ಸಂವಹನದ ಅಳತೆ. ಸಂಶೋಧಕಿ ಕೀಲಿ ಕೊಟ್ಟ ಗೊಂಬೆಯನ್ನು ನೆಲದ ಮೇಲೆ ಬಿಟ್ಟರು. ಅದು ನಾಲ್ಕು ಹೆಜ್ಜೆ ನಡೆದು ನಿಂತಿತು. ಮಗಳು ಗೊಂಬೆ ನೋಡಿದಳು, ಸಂಶೋಧಕಿಯ ಮುಖ ನೋಡಿದಳು, ಮತ್ತೆ ಗೊಂಬೆ ನೋಡಿದಳು. ಆಮೇಲೆ ಅದನ್ನೆತ್ತಿ ಅವರ ಕೈಯಲ್ಲಿಟ್ಟು "ಆಂ" ಎಂದಳು. ಮನೆಯಲ್ಲಿ ದಿನಾ ನಡೆಯುವ ಸಂಗತಿ. ಅದರಲ್ಲಿ ಎಷ್ಟು ಕೆಲಸವಿದೆ ಎಂದು ನನಗೆ ಅಲ್ಲಿ ಕೂತು ನೋಡುವಾಗ ಅರಿವಾಯಿತು: ಇದು ನಿಂತಿದೆ, ನಡೆಸುವುದು ನನಗೆ ಬರುವುದಿಲ್ಲ, ನಿಮಗೆ ಬರುತ್ತದೆ, ನಡೆಸಿ. ಒಂದೇ ಒಂದು ಪದವಿಲ್ಲದೆ ಇಷ್ಟನ್ನೂ ಹೇಳಿ ಮುಗಿಸಿದ್ದಳು. ಆಮೇಲೆ ಗೋಡೆಯ ಮೇಲಿನ ಚಿತ್ರದ ಕಡೆ ಬೆರಳು ತೋರಿಸಿ ನನ್ನ ಕಡೆ ತಿರುಗಿದಳು. ಏನೂ ಬೇಕಾಗಿರಲಿಲ್ಲ, ಬರೀ ತೋರಿಸಲಿಕ್ಕೆ. ಈ ಎರಡನೆಯದಕ್ಕೆ ಸಂಶೋಧಕಿ ಹಾಳೆಯಲ್ಲಿ ಬೇರೆಯೇ ಕಡೆ ಗುರುತು ಹಾಕಿಕೊಂಡರು. ಬೇಕು ಎಂದು ತೋರಿಸುವುದು ಒಂದು, ನೀನೂ ನೋಡು ಎಂದು ತೋರಿಸುವುದು ಇನ್ನೊಂದು. ಮಕ್ಕಳು ಒಂದು ವಸ್ತುವನ್ನು ಬೆರಳಿನಿಂದ ತೋರಿಸಲು ಶುರುಮಾಡಿದ ಎಷ್ಟೋ ವಾರಗಳ ನಂತರ ಅದರ ಹೆಸರು ಅವರ ಬಾಯಿಗೆ ಬರುತ್ತದೆ.

ಕೊನೆಗೆ ಪ್ರಶ್ನಾವಳಿ. ಪದಗಳ ಉದ್ದ ಪಟ್ಟಿ. ಪ್ರತಿ ಪದದ ಎದುರು ಎರಡು ಚೌಕ: ಅರ್ಥವಾಗುತ್ತದೆ, ಹೇಳುತ್ತಾಳೆ. ಎರಡನೇ ಚೌಕಗಳು ಹೆಚ್ಚುಕಡಿಮೆ ಖಾಲಿ ಉಳಿದವು. ಮೊದಲ ಚೌಕಗಳನ್ನು ತುಂಬುತ್ತ ಹೋದಂತೆ ಗಂಡ ನನ್ನ ಮುಖ ನೋಡಿದರು. ಬಾಗಿಲು, ನೀರು, ಚಪ್ಪಲಿ, ಬಾ, ಬೇಡ, ಎಲ್ಲಿ? ಇಷ್ಟೆಲ್ಲ ಗೊತ್ತಾ ಇವಳಿಗೆ? ಇನ್ನೂ ಮಾತು ಬಂದಿಲ್ಲ ಎಂದು ನಾವು ಹೇಳಿಕೊಳ್ಳುತ್ತಿದ್ದ ಆ ತಿಂಗಳುಗಳೆಲ್ಲ ಅವಳಿಗೆ ಬಿಡುವಿಲ್ಲದ ದುಡಿಮೆಯ ತಿಂಗಳುಗಳಾಗಿದ್ದವು. ಆ ಸಂಜೆ ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ.

ವರ್ಷದ ಕೊನೆಗೆ ಭಾಗವಹಿಸಿದ ತಂದೆತಾಯಂದಿರನ್ನೆಲ್ಲ ಕರೆದು ಗುಂಪಿನ ಫಲಿತಾಂಶ ತೋರಿಸಿದರು. ಪರದೆಯ ಮೇಲೆ ಒಂದು ನಕ್ಷೆ. ಅಡ್ಡಕ್ಕೆ ಆರು ತಿಂಗಳ ಸ್ಪಂದನೆಯ ಗಾತ್ರ, ಉದ್ದಕ್ಕೆ ಒಂದು ವರ್ಷದ ಸಂವಹನದ ಅಂಕ. ಒಂದೊಂದು ಚುಕ್ಕೆ ಒಂದೊಂದು ಮಗು, ಹೆಸರಿಲ್ಲದೆ. ಚುಕ್ಕೆಗಳ ನಡುವೆ ಮೇಲಕ್ಕೆ ವಾಲಿದ ಗೆರೆ. ಸಂಬಂಧ ಇದೆ, ಕಣ್ಣಿಗೆ ಕಾಣುತ್ತದೆ. ಆದರೆ ಗೆರೆಯ ಮೇಲೆ ಕೂತ ಚುಕ್ಕೆಗಳು ಎಷ್ಟು? ಬೆರಳೆಣಿಕೆಯಷ್ಟು. ದೊಡ್ಡ ಸ್ಪಂದನೆ ಇದ್ದೂ ಕೆಳಗಿರುವ ಚುಕ್ಕೆಗಳಿದ್ದವು, ಪುಟ್ಟ ಸ್ಪಂದನೆ ಇದ್ದೂ ಮೇಲಿರುವವು ಇದ್ದವು. ಇಂಥ ಕಡೆ ಸಹಸಂಬಂಧ (ಎರಡು ಅಳತೆಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಂಕ, ಪೂರ್ತಿ ಹೊಂದಿದರೆ 1) 0.5 ಬಂದರೂ ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಕಾಲು ಭಾಗವನ್ನಷ್ಟೇ ಅದು ವಿವರಿಸಿದ ಹಾಗೆ. ಉಳಿದ ಮುಕ್ಕಾಲು ಬೇರೆ ಬೇರೆ ಕಾರಣಗಳದ್ದು.

ಒಂದು ಮಗುವಿನ ಅಲೆಯನ್ನು ಓದಿ ಭವಿಷ್ಯ ಹೇಳಲಾಗದ್ದಕ್ಕೆ ಅವರು ಕೊಟ್ಟ ಕಾರಣಗಳು ನನಗೆ ಬಹಳ ಪ್ರಾಮಾಣಿಕ ಅನ್ನಿಸಿದವು. ಅದೇ ಮಗುವನ್ನು ಇನ್ನೊಂದು ದಿನ ಕೂರಿಸಿದರೆ ಅಲೆ ಬೇರೆಯಾಗಿ ಬರಬಹುದು. ಎಚ್ಚರವಾಗಿದೆಯೋ ತೂಕಡಿಸುತ್ತಿದೆಯೋ, ಗದ್ದಲವಿಲ್ಲದ ಎಷ್ಟು ಕ್ಷಣ ಸಿಕ್ಕವು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇನ್ನೂ ವಿಚಿತ್ರವೆಂದರೆ, ದೊಡ್ಡವರಲ್ಲಿ ಈ ವ್ಯತ್ಯಾಸದ ಅಲೆ ಋಣಾತ್ಮಕ, ಅಂದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಎಳೆಯ ಕೂಸುಗಳಲ್ಲಿ ಅದು ಹೆಚ್ಚಾಗಿ ಧನಾತ್ಮಕವಾಗಿರುತ್ತದೆ, ಬೆಳೆಯುತ್ತ ಬೆಳೆಯುತ್ತ ದಿಕ್ಕು ಬದಲಿಸುತ್ತದೆ. ಬದಲಿಸುವ ಹೊತ್ತಿನಲ್ಲಿರುವ ಮಗುವಿನ ಅಲೆ ಚಪ್ಪಟೆಯಾಗಿ ಕಾಣಬಹುದು. ಸ್ಪಂದನೆಯೇ ಇಲ್ಲ ಎಂದು ಅದನ್ನು ಓದಿದರೆ ತಂದೆತಾಯಿಯ ನಿದ್ದೆ ಕೆಡುತ್ತದೆ, ಅಷ್ಟೇ. ಅಳೆಯುವ ತಿಂಗಳುಗಳಲ್ಲೂ ಮಕ್ಕಳ ನಡುವೆ ಅಂತರ ಅಗಾಧ. ಹದಿನಾರು ತಿಂಗಳಿಗೆ ನೂರಕ್ಕೂ ಹೆಚ್ಚು ಪದ ಆಡುವ ಮಕ್ಕಳಿದ್ದಾರೆ, ಹೆಚ್ಚುಕಡಿಮೆ ಏನೂ ಆಡದವರೂ ಇದ್ದಾರೆ.

ಸಭೆಯಲ್ಲಿ ಒಬ್ಬ ತಂದೆ ಕೇಳಿದರು, ಹಾಗಾದರೆ ಇದರಿಂದ ಏನು ಉಪಯೋಗ? ಮಾತು ತಡವಾದ ಮೇಲೆ ಹುಡುಕುವ ಬದಲು, ಕೇಳುವಿಕೆಯ ಯಾವ ಹಂತದಲ್ಲಿ ದಾರಿ ಬೇರೆಯಾಗುತ್ತದೆಂದು ತಿಳಿದರೆ ನೆರವು ಬೇಗ ಶುರುಮಾಡಬಹುದು ಎಂದರು ಸಂಶೋಧಕಿ. ಮುಂದುವರಿದು, ಯಾವ ಬಗೆಯ ನೆರವು ಎಂಬುದಕ್ಕೆ 2003ರ ಒಂದು ಪ್ರಯೋಗ ಹೇಳಿದರು. ಕೂಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳೊಂದಿಗೆ ಮ್ಯಾಂಡರಿನ್ ಮಾತಾಡುವವರನ್ನು ಹನ್ನೆರಡು ಬಾರಿ ಆಟಕ್ಕೆ ಕೂರಿಸಿತು. ಎದುರಿಗೆ ಕೂತು ಆಡಿದ ಮಕ್ಕಳು ಆ ಭಾಷೆಯ ಸದ್ದುಗಳ ಭೇದ ಕಲಿತರು. ಅದೇ ಜನ, ಅದೇ ಮಾತು ಪರದೆಯಲ್ಲಿ ಬಂದಾಗ, ಅಥವಾ ಬರೀ ಧ್ವನಿಯಾಗಿ ಬಂದಾಗ, ಮಕ್ಕಳು ಕಲಿಯಲಿಲ್ಲ. ಮಗು "ಬಬಬ" ಎಂದಾಗ ತಿರುಗಿ ನೋಡಿ ಉತ್ತರ ಕೊಡುವ ಒಬ್ಬರು ಬೇಕು. ಇದನ್ನು ಕೇಳಿದ ಮೇಲೆ ನಾವು ಮನೆಯಲ್ಲಿ ಮಾಡಿದ ಬದಲಾವಣೆ ಒಂದೇ: ಅವಳು ಏನಾದರೂ ಉಲಿದರೆ ಕೈಯಲ್ಲಿದ್ದ ಫೋನು ಕೆಳಗಿಟ್ಟು ಅವಳ ಕಡೆ ತಿರುಗುವುದು, ಅವಳು ನೋಡುತ್ತಿರುವ ವಸ್ತುವಿನ ಬಗ್ಗೆಯೇ ಮಾತಾಡುವುದು, ಆಮೇಲೆ ಸುಮ್ಮನಿದ್ದು ಅವಳ ಸರದಿಗೆ ಕಾಯುವುದು. ಈ ಕಾಯುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಶಾಲೆಗೆ ಸೇರುವವರೆಗೆ ಹಿಂಬಾಲಿಸಲು ಒಪ್ಪಿಗೆಯೇ ಎಂದು ಕೇಳಿದಾಗ ಗಂಡ ನನಗಿಂತ ಮೊದಲು ಸಹಿ ಹಾಕಿದರು. ನಮ್ಮ ಮಗಳ ಚುಕ್ಕೆ ಆ ನಕ್ಷೆಯಲ್ಲಿ ಯಾವುದೆಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಾವು ಹೋಗಿಬಂದದ್ದನ್ನು ತಿಳಿದು ತಮ್ಮ ಮಗುವಿಗೂ ಇಂಥ ಇಇಜಿ ಮಾಡಿಸಬಹುದೇ ಎಂದು ಕೇಳುವವರಿದ್ದಾರೆ. ಅಧ್ಯಯನಕ್ಕೆ ಸೇರುವುದಾದರೆ ಖಂಡಿತ ಸೇರಿ, ಮಗುವಿಗೆ ನೋವಿಲ್ಲ. ಆದರೆ ಮಗುವಿನ ಮಾತಿನ ಬಗ್ಗೆ ಆತಂಕವಿದ್ದರೆ ಅಧ್ಯಯನಕ್ಕೆ ಕಾಯಬೇಡಿ. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ತೊಂದರೆ ಖಚಿತವಾದರೆ ಆರು ತಿಂಗಳೊಳಗೆ ನೆರವು ಶುರು, ಇದು ಶಿಶು ಶ್ರವಣ ತಜ್ಞರು ಇಟ್ಟುಕೊಂಡಿರುವ ಗುರಿ. ವರ್ಷ ತುಂಬಿದರೂ ಉಲಿಯದಿದ್ದರೆ, ಬೆರಳು ತೋರಿಸುವುದು, ಕೈಬೀಸುವುದು ಯಾವುದೂ ಇಲ್ಲದಿದ್ದರೆ, ಹದಿನಾರು ತಿಂಗಳಿಗೆ ಒಂದು ಪದವೂ, ಎರಡು ವರ್ಷಕ್ಕೆ ತಾನೇ ಜೋಡಿಸಿದ ಎರಡು ಪದವೂ ಬರದಿದ್ದರೆ, ಅಥವಾ ಬಂದ ಮಾತು ಯಾವ ವಯಸ್ಸಿನಲ್ಲಾದರೂ ಹಿಂದೆ ಹೋದರೆ ಮಕ್ಕಳ ವೈದ್ಯರನ್ನೂ ವಾಕ್ ಮತ್ತು ಶ್ರವಣ ತಜ್ಞರನ್ನೂ ಕಾಣಿ. ತಡವಾಗಿ ಮಾತಾಡುವ ಎಷ್ಟೋ ಮಕ್ಕಳು ತಾವಾಗಿಯೇ ಉಳಿದವರನ್ನು ಹಿಡಿಯುತ್ತಾರೆ ನಿಜ, ಆದರೆ ನಿಮ್ಮ ಮಗು ಆ ಗುಂಪಿನದ್ದೇ ಎಂದು ಮನೆಯಲ್ಲಿ ಕೂತು ತೀರ್ಮಾನಿಸಲಾಗದು. ಕಿವಿ ಪರೀಕ್ಷೆಯನ್ನು ಮಾತ್ರ ಮೊದಲು ಮಾಡಿಸಿ.